ಆಫೀಸಿಗೆ ಮರಳಿದ ಮೇಲೆ ಎದೆಹಾಲು ಪಂಪ್ ಮಾಡುವುದು ಹೇಗೆ?

ಪ್ರಶ್ನೆ:
ಮಗಳಿಗೆ ಆರು ತಿಂಗಳು. ಸೋಮವಾರದಿಂದ ಮತ್ತೆ ಆಫೀಸು. ಪಂಪ್ ಹಾಕಿದರೆ ಬಲಗಡೆ ಬಾಟಲಿ ತುಂಬುತ್ತೆ, ಎಡಗಡೆ ತಳ ಮುಚ್ಚುವಷ್ಟೇ! ಅತ್ತೆ ಮೂರು ಹೊತ್ತೂ ಸಬ್ಬಸಿಗೆ ಸೊಪ್ಪಿನ ಪಲ್ಯ ಬಡಿಸುತ್ತಿದ್ದಾರೆ. ಬೇರೆ ಮಗು ಅತ್ತರೂ ಹಾಲು ಸೋರುತ್ತೆ ಅಂತಾರೆ, ನಿಜವಾ? ತೆಗೆದ ಹಾಲು ಎಷ್ಟು ಹೊತ್ತು ಇಡಬಹುದು?

ಉತ್ತರ 1:
ನಿಜ ಕಣ್ರೀ. ಲಿಫ್ಟಿನಲ್ಲಿ ಯಾರದ್ದೋ ಮಗು ಚೀರಿತು, ಮೂರನೇ ಮಹಡಿ ಬರೋದ್ರೊಳಗೆ ನನ್ನ ಕುರ್ತಾ ಒದ್ದೆ. ಬ್ರಾ ಒಳಗೆ ಪ್ಯಾಡ್ ಇಟ್ಟುಕೊಳ್ಳಿ. ದಟ್ಟ ಪ್ರಿಂಟಿನ ಬಟ್ಟೆ ಹಾಕಿ, ತಿಳಿ ಬಣ್ಣ ಬೇಡ. ಎಡ ಬಲ ವ್ಯತ್ಯಾಸ ತುಂಬಾ ಜನಕ್ಕೆ ಇರುತ್ತೆ. ಮಗು ಚೀಪಿದಷ್ಟು ಪಂಪ್ ಎಳೆಯಲ್ಲ, ಬಾಟಲಿ ನೋಡಿ ಹಾಲು ಕಮ್ಮಿ ಅಂದ್ಕೋಬೇಡಿ.

ಉತ್ತರ 2:
ಈಗ ತೆಗೆದ ಹಾಲು ಹೊರಗೆ 25 ಡಿಗ್ರಿ ಒಳಗಿದ್ದರೆ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ. ಬಾಗಿಲಲ್ಲಿ ಬೇಡ, ಒಳಗೆ ಹಿಂದಕ್ಕೆ ಇಡಿ. ಮೇಲೆ ಕೆನೆ ಕಟ್ಟುತ್ತೆ, ಕೆಟ್ಟಿದೆ ಅಂತ ಚೆಲ್ಲಬೇಡಿ. ಬಾಟಲಿ ಮೆಲ್ಲಗೆ ತಿರುಗಿಸಿದರೆ ಬೆರೆಯುತ್ತೆ. ನಮ್ಮಮ್ಮ ಒಲೆ ಮೇಲಿಟ್ಟು ಉಕ್ಕಿಸೋಕೆ ಹೊರಟಿದ್ದರು, ಓಡಿಹೋಗಿ ತಪ್ಪಿಸಿದೆ! ಬಿಸಿನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಸಾಕು.

ಉತ್ತರ 3:
ಟಾಯ್ಲೆಟ್ಟಿನಲ್ಲಿ ಕೂತು ಮಾತ್ರ ಪಂಪ್ ಮಾಡಬೇಡಿ. ಅದು ಮಗುವಿನ ಊಟ ಅಲ್ವಾ? ಮಗುವಿಗೆ 15 ತಿಂಗಳಾಗೋ ತನಕ ಹಾಲೂಡಿಸಲು ದಿನಕ್ಕೆ ಎರಡು ಬಿಡುವು 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಬಂದದ್ದು. ಎಚ್‌ಆರ್‌ಗೆ ಇವತ್ತೇ ಮೇಲ್ ಹಾಕಿ, ಚಿಲಕ ಇರುವ ಕೋಣೆ ಕೇಳಿ. ಪ್ಲಗ್ ಪಾಯಿಂಟ್ ಇದೆಯಾ ಅಂತಲೂ ನೋಡಿಕೊಳ್ಳಿ.