ಪದಚರ್ಚೆ: ‘ಮುರಿದ ಕೊಂಡಿ’ ನಿಜಕ್ಕೂ ಮುರಿದಿದೆಯಾ? ಜೊತೆಗೆ ಹೆಬ್ಬೆಟ್ಟು, ಸರೀಕ, ಮುಯ್ಯಿ

ಎಲ್ಲರಿಗೂ ನಮಸ್ಕಾರ,

ಮೈಸೂರಿನಲ್ಲಿ ಗ್ರಂಥಾಲಯ ವಿಜ್ಞಾನ ಓದುವವರಿಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಜಾಲದಲ್ಲಿಟ್ಟ ಫೈಲು ಎಲ್ಲಿಗೆ ಹೋದರೂ ಅದರ ಲಿಂಕ್ ಕೆಡದಂತೆ ನೋಡಿಕೊಳ್ಳುವುದು ಹೇಗೆ ಅನ್ನುವುದು ವಿಷಯ. ವಿಷಯ ಕಷ್ಟವಿಲ್ಲ, ಪದಗಳೇ ಕಾಡುತ್ತಿವೆ.

‘ಬ್ರೋಕನ್ ಲಿಂಕ್’ಗೆ ಎಲ್ಲರೂ ‘ಮುರಿದ ಕೊಂಡಿ’ ಅಂತ ಬರೆಯುತ್ತಾರೆ. ‘ಕೊಂಡಿ ಕಳಚಿದೆ’ ಅನ್ನೋಣ ಅಂದರೆ ಯಾರೋ ಹಿರಿಯರು ತೀರಿಕೊಂಡ ಸುದ್ದಿಯ ತಲೆಬರಹದ ಹಾಗೆ ಕೇಳುತ್ತದೆ. ನನ್ನ ತಕರಾರು ಬೇರೆ. ಕೊಂಡಿ ಮುರಿದೇ ಇಲ್ಲವಲ್ಲ! ಮಂಡ್ಯ ಕಡೆಯ ಸೋಬಾನೆ ಪದಗಳ ಧ್ವನಿಮುದ್ರಣಕ್ಕೆ ಒಂದು ಲೇಖನದ ಅಡಿಯಲ್ಲಿ ಲಿಂಕ್ ಕೊಟ್ಟಿದ್ದಾರೆ ಅನ್ನಿ. ಆ ವಿಳಾಸ ಹೇಳುವುದು ಇಷ್ಟೇ: ಯಾವ ಸರ್ವರ್, ಯಾವ ಫೋಲ್ಡರ್, ಯಾವ ಫೈಲ್. ಒಂದು ದಿನ ಯಾರೋ ‘ಹಾಡು’ ಫೋಲ್ಡರನ್ನು ‘ಜಾನಪದ’ದ ಒಳಗೆ ಸರಿಸುತ್ತಾರೆ. ಫೈಲು ಅದೇ ಯಂತ್ರದಲ್ಲಿದೆ, ಒಂದು ಸ್ವರವೂ ಹಾಳಾಗಿಲ್ಲ. ಲಿಂಕ್ ಒತ್ತಿದರೆ ಮಾತ್ರ 404, ಅಂದರೆ ‘ಪುಟ ಸಿಗಲಿಲ್ಲ’ ಅನ್ನುವ ಉತ್ತರ. ಮೈಸೂರಿನ ಹಳೇ ಬಡಾವಣೆಗಳಲ್ಲಿ ಗೇಟಿನ ಮೇಲೆ ಹೊಸ ನಂಬರಿನ ಪಕ್ಕ ಹಳೇ ನಂಬರನ್ನೂ ಬರೆದಿರುತ್ತಾರಲ್ಲ, ಆ ಉಪಕಾರವನ್ನೂ ಇಲ್ಲಿ ಯಾರೂ ಮಾಡಿರುವುದಿಲ್ಲ. ಹಾಗಾಗಿ ‘ಗುರಿ ತಪ್ಪಿದ ಕೊಂಡಿ’ ಅನ್ನುವುದು ನನಗೆ ಸರಿ ಕಾಣುತ್ತದೆ.

ಇದು ಸುಮ್ನೆ ಆದ ಎಡವಟ್ಟೂ ಅಲ್ಲ. ‘ಹೈಪರ್‌ಟೆಕ್ಸ್ಟ್’ ಅನ್ನುವ ಪದವನ್ನು 1965ರಲ್ಲಿ ಬಳಕೆಗೆ ತಂದ ಟೆಡ್ ನೆಲ್ಸನ್‌ಗೆ ಎರಡೂ ತುದಿಗೆ ಗೊತ್ತಿರುವ ಕೊಂಡಿ ಬೇಕಿತ್ತು. ಟಿಮ್ ಬರ್ನರ್ಸ್-ಲೀ 1989ರಲ್ಲಿ ಮುಂದಿಟ್ಟ ವೆಬ್‌ನಲ್ಲಿ ಕೊಂಡಿ ಒಂದೇ ಕಡೆಯದು. ಯಾರ ಅಪ್ಪಣೆಯೂ ಬೇಡ, ಯಾರ ಪುಟಕ್ಕೆ ಬೇಕಾದರೂ ಲಿಂಕ್ ಕೊಡಬಹುದು. ವೆಬ್ ಅಷ್ಟು ಬೇಗ ಹಬ್ಬಿದ್ದಕ್ಕೆ ಇದೂ ಒಂದು ಕಾರಣ. ಗುರಿ ಸರಿದರೆ ಲಿಂಕ್ ಕೊಟ್ಟವನಿಗೆ ಸುದ್ದಿಯೇ ಮುಟ್ಟದಿರುವುದಕ್ಕೂ ಇದೇ ಕಾರಣ. ಒಳ್ಳೆಯ ವಿಳಾಸ ಬದಲಾಗಬಾರದು ಅಂತ ಬರ್ನರ್ಸ್-ಲೀ ಅವರೇ 1998ರಲ್ಲಿ ಬರೆದರು. ಕೇಳಿದವರು ಕಡಿಮೆ.

ಇದಕ್ಕೆ ಒಂದು ಮದ್ದು, ಫೈಲು ಎಲ್ಲಿದೆ ಅನ್ನುವುದನ್ನು ಬಿಟ್ಟು ಅದು ಏನು ಅನ್ನುವುದರಿಂದಲೇ ಹೆಸರಿಡುವುದು. ಪಾಠಪುಸ್ತಕದ ಕನ್ನಡದಲ್ಲಿ ಇದು ‘ಸ್ಥಳನಿರಪೇಕ್ಷ’ ಆಗುತ್ತದೆ. ನನಗೆ ‘ಜಾಗದ ಹಂಗಿಲ್ಲದ’ ಅನ್ನೋದೇ ಇಷ್ಟ. ಫೈಲಿನ ಅಷ್ಟೂ ಬೈಟುಗಳನ್ನು ಲೆಕ್ಕಕ್ಕೆ ಹಾಕಿ ಒಂದು ಹ್ಯಾಶ್, ಅಂದರೆ ಆ ಫೈಲನ್ನು ಗುರುತಿಸುವ ಅಂಕಿಸಾಲು ತೆಗೆಯುತ್ತಾರೆ. ಎಸ್‌ಎಚ್‌ಎ-256 ಅನ್ನುವ ವಿಧಾನವಾದರೆ 256 ಬಿಟ್ (ಸೊನ್ನೆ-ಒಂದುಗಳು), ಹದಿನಾರರ ಎಣಿಕೆಯಲ್ಲಿ ಬರೆದರೆ 64 ಅಕ್ಷರ. ಒಂದು ಕಾಮಾ ಬದಲಾದರೂ ಹೆಸರು ಪೂರ್ತಿ ಬೇರೆ.

ಹ್ಯಾಶ್‌ಗೆ ಹೋಲಿಕೆಯ ಪದವಾಗಿ ‘ಬೆರಳಚ್ಚು’ ಬರೆದರೆ ಬೆರಳಚ್ಚುಗಾರ, ಅಂದರೆ ಟೈಪಿಸ್ಟ್ ನೆನಪಾಗುತ್ತಾನೆ. ‘ಹೆಬ್ಬೆಟ್ಟು’ ಅಂದರೆ ಓದು ಬಾರದವರು ಅನ್ನುವ ಹೀಯಾಳಿಕೆ ಅಂಟಿಕೊಂಡಿದೆ. ಆದರೂ ರೇಷನ್ ಅಂಗಡಿಯಲ್ಲಿ ಈಗ ಎಲ್ಲರೂ ಹೆಬ್ಬೆಟ್ಟು ಒತ್ತುವವರೇ ಆಗಿರುವುದರಿಂದ ಆ ಹೀಯಾಳಿಕೆ ಸವೆದಿರಬಹುದು ಅಂತ ‘ಹೆಬ್ಬೆಟ್ಟಿನ ಗುರುತು’ ಕಡೆಗೆ ವಾಲಿದ್ದೇನೆ.

ಇಲ್ಲಿ ಕನ್ನಡದ್ದೇ ಒಂದು ತಮಾಷೆ ಇದೆ. ‘ಕೊಂಡಿ’ ಪದದ ‘ಕೊ’ವನ್ನು ಯೂನಿಕೋಡ್‌ನಲ್ಲಿ ಎರಡು ಥರ ಕೂಡಿಸಬಹುದು: ‘ಕ’ದ ಮುಂದೆ ಒಕಾರದ ಒಂದೇ ಚಿಹ್ನೆ ಇಟ್ಟು, ಇಲ್ಲವೇ ಎಕಾರ ಮತ್ತು ಊಕಾರದ ಎರಡು ಚಿಹ್ನೆ ಜೋಡಿಸಿ. ಪರದೆಯ ಮೇಲೆ ಎರಡೂ ಒಂದೇ, ಬೈಟು ಬೇರೆ, ಹಾಗಾಗಿ ಹ್ಯಾಶೂ ಬೇರೆ. ಗುರುತು ಬೈಟಿನದ್ದು, ಅರ್ಥದ್ದಲ್ಲ. ಹೀಗಿರುವಾಗ ಹ್ಯಾಶನ್ನೇ ವಿಳಾಸ ಮಾಡಿಕೊಳ್ಳುವುದಕ್ಕೆ ‘ವಿಷಯಾಧಾರಿತ ವಿಳಾಸ’ ಅನ್ನುವ ಪದ ದಾರಿ ತಪ್ಪಿಸುತ್ತದೆ ಅಲ್ವಾ?

ಹೆಸರು ಸಿಕ್ಕಿತು, ಆದರೆ ಫೈಲು ಯಾರ ಹತ್ತಿರ ಇದೆ? ಅದನ್ನು ಹುಡುಕಿಕೊಡುವುದು ಪಿಯರ್-ಟು-ಪಿಯರ್ ಜಾಲ, ಅಂದರೆ ಯಂತ್ರಗಳೇ ನೇರವಾಗಿ ಒಂದಕ್ಕೊಂದು ಫೈಲು ಕೊಡುವ ಜಾಲ. ಅದಕ್ಕೆ ‘ಸಮಾನಸ್ಕಂಧ’ ನಾಲಿಗೆ ಹೊರಳದ ಪದ. ‘ಸರೀಕರ ಜಾಲ’ ಆಗುತ್ತದಾ? ನಮ್ಮ ಕಡೆ ‘ಸರೀಕರ ಮುಂದೆ ತಲೆ ತಗ್ಗಿಸೋ ಹಾಗಾಯ್ತು’ ಅನ್ನುವಾಗ ಸರಿಸಮಾನರು ಅನ್ನುವುದರ ಜೊತೆ ಒಂದಿಷ್ಟು ಪೈಪೋಟಿಯೂ ಇರುತ್ತದೆ. ಇಲ್ಲಿ ಯಜಮಾನ ಸರ್ವರ್ ಇಲ್ಲ. ಮೇಮೌಂಕೋವ್ ಮತ್ತು ಮಾಜಿಯೆರ್ 2002ರಲ್ಲಿ ವಿವರಿಸಿದ ಕಡೆಮ್ಲಿಯಾ ಅನ್ನುವ ಹುಡುಕುವ ವಿಧಾನದಲ್ಲಿ ‘ಯಾರ ಬಳಿ ಏನಿದೆ’ ಅನ್ನುವ ದಾಖಲೆ ಒಂದೇ ಕಡೆ ಇರುವುದಿಲ್ಲ, ಚೂರುಚೂರಾಗಿ ಎಲ್ಲ ಯಂತ್ರಗಳಲ್ಲೂ ಹಂಚಿಹೋಗಿರುತ್ತದೆ.

ಫೈಲು ಹಂಚಿಕೊಳ್ಳಲು ಬಂದ 2001ರ ಬಿಟ್‌ಟೊರೆಂಟ್‌ನಲ್ಲಿ ಬ್ರಾಮ್ ಕೊಹೆನ್ ತಂದ ಕಟ್ಟಳೆಗೆ ಮಾತ್ರ ಪದ ಹುಡುಕಾಡಬೇಕಿಲ್ಲ. ನನಗೆ ಕೊಟ್ಟವರಿಗೆ ನಾನು ಜಾಸ್ತಿ ಕೊಡುತ್ತೇನೆ ಅನ್ನುವುದಕ್ಕೆ ‘ಮುಯ್ಯಿಗೆ ಮುಯ್ಯಿ’ ಅನ್ನಬಹುದು. ಮಂಡ್ಯದ ಗದ್ದೆಗಳಲ್ಲಿ ‘ಮುಯ್ಯಾಳು’ ಅಂದರೆ ಇವತ್ತು ನಿಮ್ಮ ನಾಟಿಗೆ ನಾನು, ನಾಳೆ ನನ್ನದಕ್ಕೆ ನೀವು. ಸೇಡಿನ ಅರ್ಥವೂ ಇದೆ, ಇರಲಿ. ಕೊಡದವನಿಗೆ ಬಿಟ್‌ಟೊರೆಂಟ್ ಕೂಡ ಕೈ ಬಿಗಿ ಹಿಡಿಯುತ್ತದೆ.

ನಾನು ಮುಖ್ಯವಾಗಿ ಕೇಳಬೇಕಾದದ್ದು ಇದು. ಈ ವ್ಯವಸ್ಥೆಯಲ್ಲಿ ಕೊಂಡಿ ಗುರಿ ತಪ್ಪುವುದಿಲ್ಲ. ಆದರೆ ಪ್ರತಿ ಇಟ್ಟುಕೊಂಡವರು ಒಬ್ಬರೂ ಉಳಿಯದೇ ಹೋಗಬಹುದು. 2015ರಲ್ಲಿ ಬಂದ, ಹ್ಯಾಶ್ ಹೆಸರಿನಿಂದಲೇ ಫೈಲು ಹುಡುಕುವ ಐಪಿಎಫ್‌ಎಸ್‌ನಲ್ಲಿ ‘ಪಿನ್’ ಮಾಡದ, ಅಂದರೆ ಅಳಿಸಬೇಡ ಅಂತ ಗುರುತು ಹಾಕದ ಫೈಲನ್ನು ಜಾಗ ತೆರವು ಮಾಡುವಾಗ ಯಂತ್ರ ಅಳಿಸಿಬಿಡಬಹುದು. ಆಗ ಹೆಸರು ಸರಿಯಾಗೇ ಇರುತ್ತದೆ, ಸರಕು ಇರುವುದಿಲ್ಲ. 404 ಬರುವ ಕೊಂಡಿಗೂ ಇದಕ್ಕೂ ಒಂದೇ ‘ಮುರಿದ ಕೊಂಡಿ’ ಅಂದರೆ ವಿದ್ಯಾರ್ಥಿಗೆ ರೋಗ ಯಾವುದು ಅಂತಲೇ ತಿಳಿಯುವುದಿಲ್ಲ. ಮೊದಲನೆಯದಕ್ಕೆ ವಿಳಾಸ ತಿದ್ದಿದರೆ ಸಾಕು. ಎರಡನೆಯದಕ್ಕೆ ಪ್ರತಿ ಇಟ್ಟುಕೊಳ್ಳುವ ಜನ ಬೇಕು. ಇದಕ್ಕೆ ‘ವಾರಸಿಲ್ಲದ ಕೊಂಡಿ’ ಅಂತ ಬರೆದುಕೊಂಡಿದ್ದೇನೆ. ಪಿನ್ ಮಾಡುವುದಕ್ಕೆ ‘ಕಾಪಿಡು’.

ಇನ್ನೊಂದು ಉಳಿದಿದೆ. ತಿದ್ದಿದ ಫೈಲಿಗೆ ಹೊಸ ಹ್ಯಾಶ್ ಬರುವುದರಿಂದ ಹಳೇ ಲಿಂಕ್ ಹಳೇ ಪ್ರತಿಗೇ ಹೋಗುತ್ತದೆ. ಹೊಸದಕ್ಕೆ ಹೋಗಬೇಕಾದರೆ ಮಾಲೀಕನ ಕೀಲಿಯಿಂದ ಸಹಿ ಮಾಡಿದ, ಬದಲಾಗದ ಇನ್ನೊಂದು ಹೆಸರು ಬೇಕು. ವಚನಕಾರರ ಹಾಗೆ ಇದನ್ನು ‘ಅಂಕಿತ’ ಅನ್ನಬಹುದಾ, ಅಥವಾ ಅದು ಸಾಹಿತ್ಯದವರಿಗೆ ಕಸಿವಿಸಿಯಾ?

ಹಾಗೇ, ಟೈಪ್‌ರೈಟರ್ ಕಂಡೇ ಇರದ ಹುಡುಗರಿಗೆ ‘ಬೆರಳಚ್ಚು’ ಅಂದರೆ ಈಗ ಏನು ಹೊಳೆಯುತ್ತದೆ ಅಂತ ಪಾಠ ಮಾಡುವವರು ಯಾರಾದರೂ ಕೇಳಿ ನೋಡಿ ತಿಳಿಸುತ್ತೀರಾ? ಬೇರೆ ಕಡೆಯವರು ‘ಸರೀಕ’ವನ್ನು ಹೇಗೆ ಬಳಸುತ್ತೀರಿ ಅನ್ನುವುದೂ ಬೇಕು. ಕರಡು ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ.