ಗರುಡ ಹಾರುವಾಗ ತಲೆಯ ಬಿಳಿ ಸುಟ್ಟುಹೋಗುತ್ತೆ, ಫೋಕಸ್ ಹಿಂದಿನ ಮರಕ್ಕೆ ಜಾರುತ್ತೆ: ಎಲ್ಲಿ ತಪ್ಪುತ್ತಿದೆ?

ಕೆರೆಏರಿ_77:
ಕ್ಯಾಮೆರಾ ನಿಕಾನ್ ಡಿ7500, ಲೆನ್ಸ್ ನಿಕಾನ್ 200-500 ಎಫ್5.6. ನವೆಂಬರ್‌ನಲ್ಲಿ ಅಮೆರಿಕದ ಮೇರಿಲ್ಯಾಂಡ್‌ಗೆ ಹೋಗುವುದಿದೆ. ಅಲ್ಲಿ ಕೊನೊವಿಂಗೊ ಅಣೆಕಟ್ಟಿನ ಕೆಳಗೆ ಬಾಲ್ಡ್ ಈಗಲ್ (ಅಲ್ಲಿನ ಬಿಳಿ ತಲೆಯ ದೊಡ್ಡ ಹದ್ದು) ಹಾರುವ ಫೋಟೋ ತೆಗೆಯಬೇಕು. ಅಷ್ಟರೊಳಗೆ ಕೈ ಪಳಗಲಿ ಅಂತ ಹೆಬ್ಬಾಳ ಮತ್ತು ಹೊಸಕೋಟೆ ಕೆರೆಯಲ್ಲಿ ನಮ್ಮ ಗರುಡನ ಮೇಲೆ ಅಭ್ಯಾಸ ನಡೆದಿದೆ. ಅಪರ್ಚರ್ ಪ್ರಯಾರಿಟಿ (ಶಟರ್ ವೇಗ ಕ್ಯಾಮೆರಾವೇ ಆರಿಸುವುದು), ಎಫ್5.6, ಐಎಸ್ಒ 400, ಮ್ಯಾಟ್ರಿಕ್ಸ್ ಮೀಟರಿಂಗ್ (ಇಡೀ ಫ್ರೇಮಿನ ಬೆಳಕು ಅಳೆಯುವುದು), ಎಎಫ್-ಸಿ (ಚಲಿಸುವುದನ್ನು ಬಿಡದೆ ಫೋಕಸ್ ಮಾಡುವುದು), ಸಿಂಗಲ್ ಪಾಯಿಂಟ್ (ಒಂದೇ ಫೋಕಸ್ ಬಿಂದು), ವಿಆರ್ (ಕೈ ನಡುಕ ತಡೆಯುವ ವ್ಯವಸ್ಥೆ) ನಾರ್ಮಲ್.

ತೊಂದರೆ ಮೂರು. ಆಕಾಶದ ಎದುರು ಹಕ್ಕಿ ಕಪ್ಪು, ಮರದ ಎದುರು ಬಂದರೆ ತಲೆ, ಎದೆ ಬರೀ ಬಿಳಿ ಸುಣ್ಣ. ಫೋಕಸ್ ಹಿಡಿದು ಎರಡು ಫ್ರೇಮ್ ಆಗುವಷ್ಟರಲ್ಲಿ ಹಿಂದಿನ ಮರಕ್ಕೆ ಹೋಗುತ್ತೆ. ಮೂರನೆಯದು, ಮುಕ್ಕಾಲು ಪಾಲು ಚಿತ್ರದಲ್ಲಿ ಬಾಲವೇ ಕಾಣುತ್ತೆ, ಮುಖ ಸಿಗುವುದೇ ಇಲ್ಲ.

ಬೆಳ್ಳಕ್ಕಿ_ಮೀಟರ್:
ಅಭ್ಯಾಸಕ್ಕೆ ಸರಿಯಾದ ಹಕ್ಕಿಯನ್ನೇ ಹಿಡಿದಿದ್ದೀರಿ. ಗರುಡನಿಗೂ ಬಾಲ್ಡ್ ಈಗಲ್‌ಗೂ ಕ್ಯಾಮೆರಾ ಮಟ್ಟಿಗೆ ಒಂದೇ ಕಾಯಿಲೆ, ಬಿಳಿ ತಲೆ, ಗಾಢ ಮೈ. ಮೀಟರ್ ಹಕ್ಕಿಯನ್ನು ನೋಡುವುದಿಲ್ಲ, ಹಿನ್ನೆಲೆಯನ್ನು ನೋಡುತ್ತೆ. ಬೆಳಕಿನ ಆಕಾಶ ಕಂಡರೆ ಶಟರ್ ವೇಗ ಏರಿಸುತ್ತೆ, ಹಕ್ಕಿ ಕಪ್ಪಾಗುತ್ತೆ. ಅದೇ ಹಕ್ಕಿ ನೀಲಗಿರಿ ತೋಪಿನ ಮುಂದೆ ಇಳಿದರೆ ಶಟರ್ ವೇಗ ಇಳಿಸುತ್ತೆ, ತಲೆ ಸುಡುತ್ತೆ. ಆದರೆ ಹಕ್ಕಿಯ ಮೇಲೆ ಬಿದ್ದ ಬಿಸಿಲು ಒಂದಿಷ್ಟೂ ಬದಲಾಗಿರುವುದಿಲ್ಲ.

ಹಾಗಾಗಿ ಪೂರ್ತಿ ಮ್ಯಾನ್ಯುಯಲ್. ಒಂಬತ್ತು ಗಂಟೆಯ ಸ್ವಚ್ಛ ಬಿಸಿಲಿಗೆ ಎಫ್6.3, 1/2500, ಐಎಸ್ಒ 400. ಏಳೂವರೆಗಾದರೆ ಐಎಸ್ಒ 800 ರಿಂದ 1000. ಇದು ಶುರುವಿನ ಲೆಕ್ಕ ಅಷ್ಟೇ. ಕೆರೆ ದಂಡೆಯಲ್ಲಿ ಬಿಸಿಲಿಗೆ ನಿಂತ ಒಂದು ಬೆಳ್ಳಕ್ಕಿ ಹುಡುಕಿ, ಹೈಲೈಟ್ ಎಚ್ಚರಿಕೆ (ಸುಟ್ಟ ಬಿಳಿಯನ್ನು ಪರದೆಯಲ್ಲಿ ಮಿಣುಕಿಸಿ ತೋರಿಸುವುದು) ಆನ್ ಮಾಡಿ ಒಂದು ಫೋಟೋ ತೆಗೆಯಿರಿ. ಬೆನ್ನಿನ ಮೇಲೆ ಕಪ್ಪು ಮಿಣುಕು ಕಂಡರೆ ಐಎಸ್ಒ ಮೂರನೇ ಒಂದು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು ಅಥವಾ ಅರ್ಧ) ಇಳಿಸಿ, ಮತ್ತೆ ತೆಗೆಯಿರಿ. ಮಿಣುಕು ನಿಂತ ಜಾಗದಲ್ಲಿ ಬಿಟ್ಟುಬಿಡಿ. ಬೆಳ್ಳಕ್ಕಿಯ ಬಿಳಿ ಉಳಿಯಿತು ಅಂದರೆ ಗರುಡನ ತಲೆಯೂ ಉಳಿಯುತ್ತೆ. ಇಪ್ಪತ್ತು ನಿಮಿಷಕ್ಕೊಮ್ಮೆ, ಅಥವಾ ಮೋಡ ಅಡ್ಡ ಬಂದಾಗ ಮತ್ತೆ ನೋಡಿ.

ರಾ ಫೈಲಿನಲ್ಲೇ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ತೆಗೆಯಿರಿ. ಕಂದು ರೆಕ್ಕೆಯ ಅಡಿಭಾಗ ಒಂದೂವರೆ ಸ್ಟಾಪ್ ಕತ್ತಲಿದ್ದರೂ ಕಂಪ್ಯೂಟರಿನಲ್ಲಿ ಮೇಲೆತ್ತಬಹುದು. ಸುಟ್ಟ ಬಿಳಿಯಲ್ಲಿ ಎತ್ತಲು ಏನೂ ಉಳಿದಿರುವುದಿಲ್ಲ.

ಐನೂರು_ಎಂಎಂ:
ಫೋಕಸ್ ವಿಷಯ. ಹಾರುವ ಹಕ್ಕಿಗೆ ಸಿಂಗಲ್ ಪಾಯಿಂಟ್ ತೀರಾ ಸಣ್ಣದು, ಒಂದು ಕೂದಲೆಳೆ ಜಾರಿದರೂ ಮರವೇ ಗತಿ. ಗ್ರೂಪ್ ಏರಿಯಾ ಎಎಫ್ ಹಾಕಿ, ಅದು ಫೋಕಸ್ ಬಿಂದುಗಳ ಒಂದು ಗುಂಪಿನೊಳಗೆ ಹತ್ತಿರ ಇರುವುದನ್ನೇ ಮೊದಲು ಹಿಡಿಯುತ್ತೆ. ಹಕ್ಕಿ ಮರಕ್ಕಿಂತ ಹತ್ತಿರ ಇರುವುದರಿಂದ ಇಲ್ಲಿ ಅದೇ ಬೇಕಾದ್ದು. ಫೋಕಸ್ ಟ್ರ್ಯಾಕಿಂಗ್ ಲಾಕ್-ಆನ್ 4 ಅಥವಾ 5 ಕ್ಕೆ ಇಡಿ, ಕೊಂಬೆ ಅಡ್ಡ ಬಂದರೆ ತಕ್ಷಣ ಬಿಟ್ಟುಕೊಡುವುದಿಲ್ಲ. ಲೆನ್ಸ್ ಮೇಲಿನ ಲಿಮಿಟರನ್ನು (ಫೋಕಸ್ ಹುಡುಕುವ ದೂರಕ್ಕೆ ಮಿತಿ ಹಾಕುವ ಸ್ವಿಚ್) 6 ಮೀಟರ್‌ನಿಂದ ಅನಂತದ ಕಡೆಗೆ ತಳ್ಳಿ.

ಈ ಲೆನ್ಸಿನ ಮೋಟಾರು ನಿಧಾನ, ಇದನ್ನು ಒಪ್ಪಿಕೊಂಡು ಕೆಲಸ ಮಾಡಬೇಕು. ಹಕ್ಕಿ ಬರುವ ಮೊದಲೇ, ಅದು ಹಾದುಹೋಗುವಷ್ಟು ದೂರದ ಮರವೋ ಲೈಟು ಕಂಬವೋ ನೋಡಿ ಫೋಕಸ್ ಮಾಡಿಟ್ಟುಕೊಳ್ಳಿ. ಜೂಮನ್ನು 300 ರಲ್ಲಿಟ್ಟು ಹಕ್ಕಿಯನ್ನು ಹುಡುಕಿ, ಸಿಕ್ಕ ಮೇಲೆ 500 ಕ್ಕೆ ಹೋಗಿ. ನೇರ 500 ರಲ್ಲಿ ಹುಡುಕಿದರೆ ಖಾಲಿ ಆಕಾಶ ಕಾಣುತ್ತೆ, ಲೆನ್ಸ್ ಆ ತುದಿಯಿಂದ ಈ ತುದಿಗೆ ತಡಕಾಡುತ್ತೆ, ಅಷ್ಟರಲ್ಲಿ ಹಕ್ಕಿ ಹೆಬ್ಬಾಳ ಫ್ಲೈಓವರ್ ದಾಟಿರುತ್ತೆ. ಡಿ7500 ರಲ್ಲಿ ಎಎಫ್-ಆನ್ (ಹೆಬ್ಬೆರಳಿನಿಂದ ಫೋಕಸ್ ಮಾಡುವ) ಬಟನ್ ಬೇರೆ ಇಲ್ಲ, ಎಇ-ಎಲ್/ಎಎಫ್-ಎಲ್ ಬಟನ್ನಿಗೆ ಆ ಕೆಲಸ ಕೊಡಿ. ಹಕ್ಕಿ ಗುಂಪಿನಿಂದ ಜಾರಿತೋ, ಹೆಬ್ಬೆರಳು ಎತ್ತಿ, ಮತ್ತೆ ಕೂರಿಸಿ, ಮತ್ತೆ ಒತ್ತಿ. ಒತ್ತಿಕೊಂಡೇ ಇದ್ದರೆ ಮರ ಸಿಗುವುದು ಗ್ಯಾರಂಟಿ.

ವಿಆರ್ ನಾರ್ಮಲ್ ಬೇಡ. ಪ್ಯಾನ್ ಮಾಡುವಾಗ ವ್ಯೂಫೈಂಡರಿನಲ್ಲಿ ಚಿತ್ರ ಎಳೆದಾಡಿದ ಹಾಗಾಗುತ್ತೆ. ಸ್ಪೋರ್ಟ್‌ಗೆ ಹಾಕಿ, ಇಲ್ಲವೇ 1/2500 ರಲ್ಲಿ ಆಫ್ ಮಾಡಿದರೂ ನಷ್ಟವಿಲ್ಲ. ಐದಾರು ಫ್ರೇಮಿನ ಸಣ್ಣ ಬರ್ಸ್ಟ್ ಸಾಕು. ಅಂದಹಾಗೆ, ಈ ಬಾಡಿಯ ಮೆಮೊರಿ ಕಾರ್ಡ್ ಸ್ಲಾಟ್ ಯುಎಚ್ಎಸ್-1, ಅದಕ್ಕಿಂತ ವೇಗದ ಯುಎಚ್ಎಸ್-2 ಕಾರ್ಡಿಗೆ ದುಡ್ಡು ಸುರಿಯಬೇಡಿ.

ಗಾಳಿಮುಖ:
ಮೇಲಿನ ಇಬ್ಬರೂ ಹೇಳಿದ್ದು ಸರಿ, ಆದರೆ ಬಾಲದ ಸಮಸ್ಯೆ ಕ್ಯಾಮೆರಾದಲ್ಲಿ ಇಲ್ಲ, ನೀವು ನಿಂತ ದಡದಲ್ಲಿದೆ. ನನ್ನ ಪ್ರಕಾರ ಸೆಟ್ಟಿಂಗ್‌ಗಿಂತ ಇದೇ ದೊಡ್ಡದು.

ಹದ್ದಿನ ಜಾತಿಯ ಹಕ್ಕಿ ಏಳುವುದು, ಇಳಿಯುವುದು, ಮೀನಿಗೆ ಎರಗುವ ಮುನ್ನ ನಿಧಾನಿಸುವುದು ಎಲ್ಲ ಸಾಮಾನ್ಯವಾಗಿ ಗಾಳಿಗೆ ಎದುರಾಗಿ. ಗಾಳಿ ನಿಮ್ಮ ಮುಖಕ್ಕೆ ಬಡಿಯುತ್ತಿದ್ದರೆ ಬಾಲ ಸಿಗುತ್ತೆ, ಬೆನ್ನಿಗೆ ಬಡಿಯುತ್ತಿದ್ದರೆ ಮುಖ ಸಿಗುತ್ತೆ. ಬಿಸಿಲೂ ಬೆನ್ನಿಗೇ ಇರಬೇಕು. ಎರಡೂ ಒಂದೇ ದಿಕ್ಕಿನಿಂದ ಬರುವ ಹೊತ್ತು ಹುಡುಕುವುದೇ ಅರ್ಧ ಕೆಲಸ.

ಬೆಂಗಳೂರಿಗೆ ಈ ಲೆಕ್ಕ ಸುಲಭ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಹೆಚ್ಚಾಗಿ ಪಶ್ಚಿಮದಿಂದ. ಆಗ ಸಂಜೆ ನಾಲ್ಕರ ಮೇಲೆ ಕೆರೆಯ ಪಶ್ಚಿಮ ದಡದಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. ಚಳಿಗಾಲದಲ್ಲಿ ಗಾಳಿ ಮೂಡಣದ್ದು, ಆಗ ಬೆಳಿಗ್ಗೆ ಪೂರ್ವ ದಡ. ಮಳೆಗಾಲದಲ್ಲಿ ಬೆಳಿಗ್ಗೆಯೇ ಹೋಗುತ್ತಿದ್ದರೆ ಬಿಸಿಲು ಒಂದು ಕಡೆ, ಗಾಳಿ ಇನ್ನೊಂದು ಕಡೆ. ಬಾಲದ ರಾಶಿ ಬೀಳುವುದು ಆಗಲೇ. ಅವತ್ತಿನ ಗಾಳಿ ತಿಳಿಯಬೇಕಾದರೆ ಕೊಂಬೆ ಮೇಲೆ ಕೂತ ಹಕ್ಕಿ ಯಾವ ಕಡೆ ಮುಖ ಮಾಡಿದೆ ನೋಡಿ, ಸಾಮಾನ್ಯವಾಗಿ ಗಾಳಿಯ ಕಡೆಗೇ ಕೂತಿರುತ್ತೆ.

ಏಳುವ ಕ್ಷಣಕ್ಕೂ ಸೂಚನೆ ಇದೆ. ಮೈ ಮುಂದಕ್ಕೆ ಬಾಗುತ್ತೆ, ರೆಕ್ಕೆ ಸ್ವಲ್ಪ ಸಡಿಲವಾಗುತ್ತೆ, ಬಹಳ ಸಲ ಪಿಚಕ್ಕನೆ ಹಿಕ್ಕೆ ಹಾಕುತ್ತೆ. ಹಿಕ್ಕೆ ಬಿತ್ತು ಅಂದರೆ ಬಟನ್ ಮೇಲೆ ಬೆರಳಿರಲಿ. ರೆಕ್ಕೆ ಬಿಚ್ಚುವ ದಿಕ್ಕಿಗೆ ಫ್ರೇಮಿನಲ್ಲಿ ಜಾಗ ಬಿಟ್ಟಿರಿ, ಇಲ್ಲದಿದ್ದರೆ ತುದಿ ಕತ್ತರಿಸುತ್ತೆ.

ಹತ್ತು ಗಂಟೆ ದಾಟಿದ ಮೇಲೆ ಚಿತ್ರ ಮೆತ್ತಗೆ ಬಂದರೆ ಲೆನ್ಸನ್ನು ಬೈಯಬೇಡಿ. ಅಷ್ಟೇ ದೂರದ ಕರೆಂಟ್ ಕಂಬದ ಐದು ಫೋಟೋ ತೆಗೆಯಿರಿ. ಒಂದೊಂದರಲ್ಲೂ ಒಂದೊಂದು ಥರ ವಕ್ರವಾಗಿದ್ದರೆ ಅದು ಬಿಸಿ ಗಾಳಿಯ ಅಲೆ, ಮನೆಗೆ ಹೊರಡಿ.

ಕೋಳಿ ತ್ಯಾಜ್ಯ ಎಸೆದು ಹದ್ದು ಕರೆಸುವವರ ಜೊತೆ ಮಾತ್ರ ಸೇರಬೇಡಿ. ಏರ್ ಶೋ ಹೊತ್ತಿಗೆ ಯಲಹಂಕ ಸುತ್ತ ಮಾಂಸದಂಗಡಿ ಮುಚ್ಚಿಸುವುದು, ಮಾಂಸದ ತ್ಯಾಜ್ಯಕ್ಕೆ ಸೇರುವ ಹದ್ದುಗಳು ವಿಮಾನಕ್ಕೆ ಬಡಿಯಬಾರದು ಅಂತಲೇ.

ಬೆಳ್ಳಕ್ಕಿ_ಮೀಟರ್:
ದಡದ ಮಾತು ಒಪ್ಪಿದೆ. ಒಂದು ಸೇರಿಸುತ್ತೇನೆ. ಮೋಡ ಬಂದು ಹೋಗುವ ಮಳೆಗಾಲದ ಸಂಜೆ ಪೂರ್ತಿ ಮ್ಯಾನ್ಯುಯಲ್ ಕೈಕೊಡುತ್ತೆ. ಆಗ ಶಟರ್, ಅಪರ್ಚರ್ ಕಟ್ಟಿಹಾಕಿ ಆಟೋ ಐಎಸ್ಒ ಬಿಡಿ. ಬೂದು ಆಕಾಶದ ಎದುರಿಗೆ ಕಾಂಪೆನ್ಸೇಷನ್ (ಮೀಟರಿನ ಲೆಕ್ಕಕ್ಕೆ ಬೆಳಕು ಕೂಡಿಸುವ, ಕಳೆಯುವ ಬಟನ್) +1 ರಿಂದ +1.7, ಮರದ ಎದುರಿಗೆ -0.7. ಇದನ್ನು ಬೆರಳು ತಾನಾಗಿ ತಿರುಗಿಸುವಷ್ಟು ರೂಢಿ ಬೇಕು.

ಕೆರೆಏರಿ_77:
ಇಷ್ಟು ದಿನ ಬೆಳಿಗ್ಗೆಯೇ ಹೋಗುತ್ತಿದ್ದೆ, ಗಾಳಿ ಮುಖಕ್ಕೇ ಇರುತ್ತಿತ್ತು. ಈಗ ಅರ್ಥವಾಯಿತು, ಎಲ್ಲರಿಗೂ ಧನ್ಯವಾದ. ಕೊನೊವಿಂಗೊದಲ್ಲಿ 500 ಸಾಲುತ್ತಾ? ಮೊನೊಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ಒಯ್ಯಬೇಕಾ?

ಐನೂರು_ಎಂಎಂ:
ಲೆಕ್ಕ ನೋಡಿ. ನಿಮ್ಮ ಕ್ಯಾಮೆರಾದಲ್ಲಿ 500 ಇಟ್ಟರೆ 30 ಮೀಟರ್ ದೂರದಲ್ಲಿ ಫ್ರೇಮಿನ ಅಗಲ ಸುಮಾರು 1.4 ಮೀಟರ್. ಗರುಡನ ರೆಕ್ಕೆ ಹರವು 1.1 ರಿಂದ 1.25 ಮೀಟರ್, ಅಲ್ಲಿಗೆ ಫ್ರೇಮ್ ತುಂಬಿತು. ಬಾಲ್ಡ್ ಈಗಲ್‌ನ ಹರವು 2 ಮೀಟರ್ ಆಸುಪಾಸು, ಅದು 50 ಮೀಟರ್‌ನಲ್ಲೇ ತುಂಬುತ್ತೆ. ಹತ್ತಿರ ಬಂದರೆ ಜೂಮ್ ಹಿಂದಕ್ಕೆ ಎಳೆಯಲು ಸಿದ್ಧವಾಗಿರಿ. ನದಿಯ ಮಧ್ಯದ ಹಕ್ಕಿಗೆ ಮಾತ್ರ ಕ್ರಾಪ್ ಮಾಡಬೇಕಾಗುತ್ತೆ.

ಮೊನೊಪಾಡ್ ಬೇಡ, ತಲೆಯ ಮೇಲೆ ಬಂದಾಗ ಅಡ್ಡಿ. ಲೆನ್ಸ್ 2.3 ಕೆಜಿ. ಲೆನ್ಸಿಗೆ ಸುತ್ತಿದ ಟ್ರೈಪಾಡ್ ಕಾಲರಿನ ಕಾಲನ್ನು ಮೇಲಕ್ಕೆ ತಿರುಗಿಸಿ, ಎಡಗೈಯನ್ನು ಲೆನ್ಸಿನ ಮುಂತುದಿಯ ಹುಡ್ ಹತ್ತಿರಕ್ಕೆ ಚಾಚಿ, ಮೊಣಕೈ ಪಕ್ಕೆಗೆ ಒತ್ತಿ. ಹಕ್ಕಿ ಇಲ್ಲದಾಗ ಕೆಳಗಿಳಿಸಿ ಕೈಗೆ ವಿಶ್ರಾಂತಿ ಕೊಡಿ.

ಗಾಳಿಮುಖ:
ಅಲ್ಲಿ ಜನ ನಿಲ್ಲುವುದು ಸಸ್ಕ್ವೆಹಾನಾ ನದಿಯ ಪಶ್ಚಿಮ ದಡದ ಪಾರ್ಕಿನಲ್ಲಿ. ಮಧ್ಯಾಹ್ನದ ಮೇಲೆ ಬಿಸಿಲು ಬೆನ್ನಿಗೆ ಬರುತ್ತೆ. ಟರ್ಬೈನ್ ಶುರುವಾಗುವ ಮುನ್ನ ಸೈರನ್ ಕೂಗುತ್ತೆ, ಟರ್ಬೈನಿನಿಂದ ಹೊರಬಿದ್ದ ಮೀನಿಗೆ ಹಕ್ಕಿ ಎರಗುವುದು ಆಮೇಲೆಯೇ, ಸೈರನ್ ಕೇಳಿದಾಗ ಟೀ ಕುಡಿಯುತ್ತಾ ಕೂರಬೇಡಿ. ತಲೆ ಬಿಳಿಯಾಗಲು ಸುಮಾರು ಐದು ವರ್ಷ ಬೇಕು, ಕಂದು ತಲೆಯದು ಕಂಡರೆ ಬೇರೆ ಹಕ್ಕಿ ಅಂತ ಬಿಡಬೇಡಿ, ಅದು ಮರಿಯೇ ಇರಬಹುದು. ಹೆಚ್ಚುವರಿ ಬ್ಯಾಟರಿ ಜಾಕೆಟ್ಟಿನ ಒಳಜೇಬಿನಲ್ಲಿರಲಿ, ಚಳಿಗೆ ಬೇಗ ಇಳಿಯುತ್ತೆ. ನೆಲಕ್ಕೆ ಬಿದ್ದ ಗರಿ ಕಂಡರೆ ನೆನಪಿಗೆ ಅಂತ ಎತ್ತಿಕೊಳ್ಳಬೇಡಿ. ಅಲ್ಲಿ 1940 ರ ಕಾಯ್ದೆ ಪ್ರಕಾರ ಅದನ್ನು ಇಟ್ಟುಕೊಳ್ಳುವುದೂ ಅಪರಾಧ.