ಅಪ್‌ಡೇಟ್: ತಂದೆಯವರ ಶ್ರವಣ ಸಾಧನ ಮತ್ತು ಆರೋಗ್ಯ ವಿಮೆ

78 ವರ್ಷದ ನಮ್ಮ ತಂದೆಯವರ ಎರಡೂ ಕಿವಿಗಳಿಗೆ ಬೇಕಾದ ಶ್ರವಣ ಸಾಧನದ ಖರ್ಚನ್ನು ಆರೋಗ್ಯ ವಿಮೆಯಿಂದ ಪಡೆಯಬಹುದೇ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ವಿಮಾ ಕಂಪನಿಯು ನಮ್ಮ ಕ್ಲೇಮನ್ನು ತಿರಸ್ಕರಿಸಿತು. ಪಾಲಿಸಿಯ ಕೊನೆಯ ಪುಟಗಳಲ್ಲಿ, ಕನ್ನಡಕ ಮತ್ತು ಕಾಂಟ್ಯಾಕ್ಟ್ ಲೆನ್ಸ್‌ಗಳ ಜೊತೆಯಲ್ಲೇ ಶ್ರವಣ ಸಾಧನವನ್ನೂ ಹಣ ಕೊಡಲಾಗದ ವಸ್ತುಗಳ ಪಟ್ಟಿಗೆ ಸೇರಿಸಲಾಗಿತ್ತು. ಕಿವಿ ಕೇಳಿಸದ ಹಿರಿಯರು ಮನೆಮಂದಿಯ ಮಾತಿನಿಂದಲೇ ದೂರವಾಗುತ್ತಿರುವಾಗ ಹೀಗೆ ಹೊರಗಿಡುವುದು ನ್ಯಾಯವಲ್ಲವೆಂದೇ ನನ್ನ ಅಭಿಪ್ರಾಯ.

ಆದರೆ ತಂದೆಯವರು ಕೇಂದ್ರ ಸರ್ಕಾರದ ಪಿಂಚಣಿದಾರರಾದ್ದರಿಂದ ಸಿಜಿಎಚ್‌ಎಸ್ (ಕೇಂದ್ರ ಸರ್ಕಾರದ ನೌಕರರು ಮತ್ತು ಪಿಂಚಣಿದಾರರ ಆರೋಗ್ಯ ಯೋಜನೆ) ಮೂಲಕ ಪ್ರಯತ್ನಿಸಿ ಎಂದು ಒಬ್ಬರು ಕೊಟ್ಟ ಸಲಹೆ ಫಲಿಸಿತು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಆಡಿಯೋಗ್ರಾಂ (ಕಿವಿ ಎಷ್ಟು ಕೇಳಿಸುತ್ತದೆ ಎಂಬ ಪರೀಕ್ಷೆ) ಮಾಡಿಸಿ, ಇಎನ್‌ಟಿ ತಜ್ಞರ ಶಿಫಾರಸಿನೊಂದಿಗೆ ಮೊದಲೇ ಅನುಮತಿ ಪಡೆದು ಸಾಧನವನ್ನು ಖರೀದಿಸಿದೆವು. ಸಾಧನದ ವಿಧಕ್ಕೆ ತಕ್ಕಂತೆ ನಿಗದಿಯಾದ ಮಿತಿಯವರೆಗಿನ ಹಣ ಮರಳಿ ಬಂದಿದ್ದು, ಉಳಿದದ್ದನ್ನು ನಾವೇ ಭರಿಸಿದೆವು. ಇಂತಹ ಸೌಲಭ್ಯವಿಲ್ಲದ, ಬಿಪಿಎಲ್ ಕುಟುಂಬಗಳ 60 ದಾಟಿದ ಹಿರಿಯರಿಗೆ 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಿದೆ. ಅದರಲ್ಲಿ ಶ್ರವಣ ಸಾಧನವನ್ನು ಉಚಿತವಾಗಿ ನೀಡಲಾಗುತ್ತದೆ.

ನಿನ್ನೆ ಕುಕ್ಕರ್ ಮೂರನೆಯ ಸೀಟಿ ಹಾಕಿದಾಗ, ನಡುಮನೆಯಲ್ಲಿ ಕುಳಿತಿದ್ದ ತಂದೆಯವರೇ “ಗ್ಯಾಸ್ ಆಫ್ ಮಾಡಮ್ಮ” ಎಂದು ಕೂಗಿ ಹೇಳಿದರು.